ಅಕ್ಕನ ಮೆಸ್ಸಿನಲ್ಲಿ ಒಂದು ಖಂಡ

ಹಾಸನದಲ್ಲಿ ನಮ್ಮ ಎದುರುಮನೆಯಲ್ಲಿದ್ದಾಕೆ ತೀರಿಕೊಂಡ ಸುದ್ದಿ ನನಗೆ ನೈರೋಬಿಯಿಂದ ಬಂತು. ಆಕೆ ಸತ್ತದ್ದು ಅರಕಲಗೂಡಿನಲ್ಲಿ, ಮಗಳ ಮನೆಯಲ್ಲಿ. ನಾನಿರುವುದು ಹುಟ್ಟಿದೂರು ಚನ್ನರಾಯಪಟ್ಟಣದಲ್ಲಿ. ಹಾಸನದಲ್ಲಿ ಬಸ್ಸು ಬದಲಿಸಿಕೊಂಡು ಬಂದರೂ ಅರ್ಧ ದಿನದ ದಾರಿಯಲ್ಲ. ಆದರೂ ಸುದ್ದಿ ಸಮುದ್ರ ದಾಟಿ ಹೋಗಿ, ಮತ್ತೆ ಸಮುದ್ರ ದಾಟಿಕೊಂಡು ನನ್ನ ಫೋನಿಗೆ ಬರಬೇಕಾಯಿತು. "ಸಾ, ಅಕ್ಕ ಓಗ್ಬುಟ್ರು," ಎಂದು ಒಟಿಯೆನೊ ಧ್ವನಿ ಸಂದೇಶ ಕಳಿಸಿದ್ದ. ಅವನು ಕೀನ್ಯಾದವನು. ಹಾಸನದಲ್ಲಿ ಎಂಜಿನಿಯರಿಂಗ್ ಓದಿ ಹೋಗಿ ಎಷ್ಟೋ ವರ್ಷವಾಯಿತು, ಅವನ ಕನ್ನಡಕ್ಕೆ ಮಾತ್ರ ಇನ್ನೂ ಹಕಾರ ಬಂದಿಲ್ಲ. ಬರುವುದಾದರೂ ಎಲ್ಲಿಂದ, ಅವನಿಗೆ ಕನ್ನಡ ಕಲಿಸಿದಾಕೆಯಲ್ಲೇ ಅದು ಇರಲಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ. ಬೀದಿಗೆಲ್ಲ ಆಕೆ ಅಕ್ಕ. ಆಕೆಗಿಂತ ಹತ್ತು ವರ್ಷ ದೊಡ್ಡವನಾದ ನಾನೂ ಅಕ್ಕ ಎನ್ನುತ್ತಿದ್ದೆ, ಸೊಪ್ಪು ಮಾರಲು ಬರುವ ಹುಡುಗಿಯೂ ಅಕ್ಕ ಎನ್ನುತ್ತಿದ್ದಳು. ಅರಕಲಗೂಡಿನ ಹತ್ತಿರದ ಹಳ್ಳಿಯವಳು. ಲಾರಿ ಓಡಿಸುತ್ತಿದ್ದ ಗಂಡ ಬೇಗ ಹೋದ. ಹಾಸನದಲ್ಲಿ ಇದ್ದ ಒಂದು ಮನೆಯ ಮುಂಭಾಗದಲ್ಲಿ ಆರು ಬೆಂಚು ಹಾಕಿ ಮೆಸ್ ಶುರುಮಾಡಿ, ಒಬ್ಬಳೇ ಮಗಳನ್ನು ಓದಿಸಿ ಮದುವೆ ಮಾಡಿದಳು. ಮೆಸ್ಸಿಗೆ ಬೋರ್ಡು ಇರಲಿಲ್ಲ. ಬೋರ್ಡು ಯಾಕೆ ಹಾಕಿಸಿಲ್ಲ ಎಂದರೆ, "ವಾಸ್ನೆ ಬರಲ್ವಾ ಸಾ, ಅದನ್ನೂ ಓದ್ಬೇಕಾ?" ಎನ್ನುತ್ತಿದ್ದಳು.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಹಾಸನಕ್ಕೆ ವರ್ಗವಾದ ಹೊಸದರಲ್ಲಿ ಮನೆ ಸಿಗದೆ ಒಂದು ವರ್ಷ ಅಕ್ಕನ ಮೆಸ್ಸಿನಲ್ಲೇ ಉಂಡೆ. ಆಮೇಲೆ ಎದುರುಮನೆಯೇ ಖಾಲಿಯಾಗಿ, ಹೆಂಡತಿಯನ್ನೂ ತಾಯಿಯನ್ನೂ ಕರೆತಂದು ಅಲ್ಲೇ ನೆಲೆಸಿದೆ. ಹೀಗಾಗಿ ಆಕೆಯ ಬಗ್ಗೆ ಬರೆಯಲು ನನಗೆ ಅಧಿಕಾರವುಂಟು. ಅರ್ಹತೆ ಉಂಟೋ ಇಲ್ಲವೋ, ಓದಿದವರು ಹೇಳಬೇಕು.

ಆಕೆ ರಾಗಿ ಹಿಟ್ಟು ತೊಳಸುವುದನ್ನು ನೋಡಬೇಕಿತ್ತು. ಹಿತ್ತಲಲ್ಲಿ ಸೌದೆ ಒಲೆ. ದೊಡ್ಡ ಪಾತ್ರೆಯನ್ನು ಎರಡು ಪಾದದಿಂದ ಒತ್ತಿ ಹಿಡಿದು, ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಿದ್ದಳು. ಆಗ ಯಾರೂ ಮಾತಾಡಿಸುವಂತಿರಲಿಲ್ಲ. ಗಂಟು ಬಿದ್ದರೆ ಅದು ಮಾತಾಡಿಸಿದವನ ತಪ್ಪು. ಮುದ್ದೆ ಕಟ್ಟುವಾಗ ಒದ್ದೆ ಮರದ ಹಲಗೆಯ ಮೇಲೆ ಎರಡು ಸುತ್ತು, ಒಂದು ತಟ್ಟು, ಅಷ್ಟೇ. ಬಡಿಸುವಾಗ "ಸಾಕಾ" ಎಂದು ಕೇಳುವ ಅಭ್ಯಾಸ ಇರಲಿಲ್ಲ. ಉಣ್ಣುವವನ ಕೈ ಎಷ್ಟು ಬೇಗ ತಟ್ಟೆಗೆ ಇಳಿಯುತ್ತದೆ ಎಂದು ನೋಡಿ, ಇಕ್ಕುವುದೋ ಬಿಡುವುದೋ ಆಕೆಯೇ ತೀರ್ಮಾನ ಮಾಡುತ್ತಿದ್ದಳು. ನನ್ನ ಹೊಟ್ಟೆಯ ವಿಷಯದಲ್ಲಿ ಆ ಒಂದು ವರ್ಷ ನನ್ನ ಮಾತು ನಡೆದಿಲ್ಲ.

ಆಫ್ರಿಕಾದ ಹುಡುಗರು ಮೆಸ್ಸಿಗೆ ಬಂದದ್ದು ತೀರಾ ಆಕಸ್ಮಿಕ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಇಡ್ಲಿ ಅನ್ನ ತಿಂದು ಸಾಕಾಗಿ ಒಟಿಯೆನೊ ಒಂದು ಮಧ್ಯಾಹ್ನ ಬೀದಿಯಲ್ಲಿ ಅಲೆಯುತ್ತಿದ್ದ. ಮೆಸ್ಸಿನ ಬಾಗಿಲಲ್ಲಿ ನಿಂತು ನನ್ನ ತಟ್ಟೆಯನ್ನೇ ನೋಡಿದ. "ಉಗಾಲಿ?" ಎಂದ. ಅಕ್ಕನಿಗೆ ಅದು ಏನೆಂದು ತಿಳಿಯದಿದ್ದರೂ ಹಸಿದ ಮುಖ ತಿಳಿಯಿತು. ಕೂರಿಸಿ ಒಂದು ಮುದ್ದೆ, ಬಸ್ಸಾರು ಇಕ್ಕಿದಳು. ಅವನು ಮುರಿದ, ಬೆರಳಲ್ಲಿ ಉಂಡೆ ಮಾಡಿದ, ಹೆಬ್ಬೆರಳಿನಿಂದ ನಡುವೆ ಗುಳಿ ಮಾಡಿ ಸಾರಿನಲ್ಲಿ ಅದ್ದಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಬಾಯಿಗಿಟ್ಟು ಜಗಿಯತೊಡಗಿದ.

"ಅಯ್ಯೋ, ಅಗೀಬ್ಯಾಡ ಕಣಪ್ಪ, ನುಂಗು," ಎಂದು ಅಕ್ಕ ತನ್ನ ಗಂಟಲು ತೋರಿಸಿದಳು. ಅವನು ತಲೆಯಾಡಿಸಿ, ನಮ್ಮೂರಲ್ಲಿ ಜಗಿಯುತ್ತೇವೆ ಎಂದು ಇಂಗ್ಲಿಷಿನಲ್ಲಿ ವಾದಕ್ಕೆ ನಿಂತ. ಮೆಕ್ಕೆಜೋಳದ ಹಿಟ್ಟು, ರಾಗಿ ಹಿಟ್ಟು ಎರಡರಲ್ಲೂ ಮಾಡುತ್ತೇವೆ, ಅಜ್ಜಿ ಹೀಗೆಯೇ ಕೋಲಿನಲ್ಲಿ ತೊಳಸುತ್ತಾಳೆ ಎಂದೆಲ್ಲ ಹೇಳಿದ. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. "ಅಂಗಾರೆ ಇವ್ನು ನಮ್ಮೋನೇ," ಎಂದು ಅಕ್ಕ ಎರಡನೇ ಮುದ್ದೆ ಇಕ್ಕಿದಳು. ಒಂದೇ ತಿಂಗಳಲ್ಲಿ ಅಂಥವರು ಎಂಟು ಹತ್ತು ಜನ ಬರತೊಡಗಿದರು.

ಆಫ್ರಿಕಾ ಎಂದರೆ ಅರಕಲಗೂಡಿನಂಥದೇ ಒಂದು ಊರು, ಸ್ವಲ್ಪ ದೊಡ್ಡದು ಎಂದು ಅಕ್ಕ ತಿಳಿದಿದ್ದಳು. ಅದರಿಂದ ಒಂದು ಎಡವಟ್ಟೂ ಆಯಿತು. ಕುವಾಸಿ ಎಂಬ ಹುಡುಗ ಐವರಿ ಕೋಸ್ಟಿನಿಂದ ಹೊಸದಾಗಿ ಬಂದ. ಸಣ್ಣ ಆಳು, ಮಾತು ಕಮ್ಮಿ. ಅಕ್ಕ ಅವನಿಗೆ ತನ್ನ ಮನೆಯ ಮಹಡಿಯ ರೂಮನ್ನೇ ಬಾಡಿಗೆಗೆ ಕೊಟ್ಟು, ಊಟಕ್ಕೆ ಒಟಿಯೆನೊ ಪಕ್ಕ ಕೂರಿಸಿ, "ಮಾತಾಡ್ಕಳಿ, ನಿಮ್ಮೂರೋನೇ," ಎಂದು ಒಳಗೆ ಹೋದಳು. ಅವನಿಗೆ ಫ್ರೆಂಚ್ ಬಿಟ್ಟರೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಟಿಯೆನೊಗೆ ಫ್ರೆಂಚ್ ಒಂದಕ್ಷರ ಬಾರದು. ಇಬ್ಬರೂ ಊಟ ಮುಗಿಯುವ ತನಕ ಮೂಗರ ಹಾಗೆ ಕೂತಿದ್ದರು. ಅಕ್ಕ ಅದನ್ನು ಜಗಳ ಎಂದುಕೊಂಡಳು. "ಬಂದ್ ದಿನಾನೇ ಮುನಿಸ್ಕಂಡವ್ರಲ್ಲ, ಎಂಗ್ ಸಾ ಇದು?" ಎಂದು ನನ್ನನ್ನು ಕೇಳಿದಳು. ಅವರಿಬ್ಬರ ಊರಿನ ನಡುವೆ ಹಾಸನದಿಂದ ಕಾಶಿಗಿರುವುದಕ್ಕಿಂತ ಹೆಚ್ಚು ದೂರವಿದೆ ಎಂದು ನಾನು ತಿಳಿಸಿ ಹೇಳಿದರೂ ಆಕೆ ಪೂರ್ತಿ ನಂಬಲಿಲ್ಲ.

ಆರು ತಿಂಗಳಲ್ಲಿ ಅವರಿಬ್ಬರೂ ಒಳ್ಳೆಯ ಸ್ನೇಹಿತರಾದರು. ಮಾತಾಡುತ್ತಿದ್ದದ್ದು ಕನ್ನಡದಲ್ಲಿ. ಅಕ್ಕನ ಮೆಸ್ಸಿನಲ್ಲಿ ಕಲಿತ ಕನ್ನಡ. "ಏನ್ಲಾ ಕುವಾಸಿ, ಕ್ಲಾಸಿಗೆ ಓಗ್ನಿಲ್ವಾ?" "ಇಲ್ಲ ಕಣ್ಲಾ, ತಲೆನೋವು." ಆರಡಿ ಎತ್ತರದ ಒಬ್ಬ ಕೀನ್ಯಾದವನು, ಒಬ್ಬ ಐವರಿ ಕೋಸ್ಟಿನವನು, ಹಾಸನದ ಒಂದು ಬಡಾವಣೆಯ ಕಟ್ಟೆಯ ಮೇಲೆ ಕೂತು ಹೀಗೆ ಮಾತಾಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಈ ಒಟಿಯೆನೊನ ತಲೆಗೆ ಒಂದು ಹುಳು ಹೊಕ್ಕಿತ್ತು. ಆಫ್ರಿಕಾ ಇಡೀ ಒಂದೇ ಜನ, ಒಂದೇ ಸಂಸ್ಕೃತಿ, ನಡುವಿನ ಗಡಿಗಳೆಲ್ಲ ಬಿಳಿಯರು ಎಳೆದ ಗೀಟು ಎಂದು ಅವನ ವಾದ. ಕಾಲೇಜಿನ ಸಮಾರಂಭದಲ್ಲಿ ಅದನ್ನೇ ಭಾಷಣ ಮಾಡಬೇಕೆಂದು ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾವ ದೇಶದ ಹುಡುಗ ಸಿಕ್ಕಿದರೂ ನಿಮ್ಮಲ್ಲಿ ಹುಟ್ಟಿದರೆ ಏನು ಮಾಡುತ್ತೀರಿ, ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಭಾನುವಾರ ಕೋಳಿಸಾರಿನ ಆಸೆಗೆ ನಾನೂ ಮೆಸ್ಸಿಗೆ ಹೋಗುತ್ತಿದ್ದೆನಾದ್ದರಿಂದ ಅವನ ಭಾಷಣದ ಅಭ್ಯಾಸವನ್ನು ಅಕ್ಕನಿಗೆ ಕನ್ನಡ ಮಾಡಿ ಹೇಳುವ ಕೆಲಸ ನನಗೆ ಅಂಟಿಕೊಂಡಿತು.

"ನಮ್ಮಲ್ಲಿ ದೊಡ್ಡವರಿಗೆ ಒಂದು ಕೈಯಲ್ಲಿ ಏನನ್ನೂ ಕೊಡುವುದಿಲ್ಲ," ಎಂದು ಅವನು ಶುರುಮಾಡುತ್ತಿದ್ದ.

"ನಮ್ಮಲ್ಲೂ ಕೊಡಲ್ಲ," ಎನ್ನುತ್ತಿದ್ದಳು ಅಕ್ಕ, ಈರುಳ್ಳಿ ಹೆಚ್ಚುತ್ತ.

"ಸತ್ತ ಹಿರಿಯರಿಗೆ ಹೆಂಡ ಸುರಿದು ನೆನೆಯುತ್ತೇವೆ."

"ನಾವು ಎಡೆ ಇಕ್ತೀವಿ. ನಮ್ಮಪ್ಪಂಗೆ ಎಂಡಾನೂ ಮಡಗ್ತಿದ್ರು."

"ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅಡಿಗೆ ಮಾಡಿ ತರುತ್ತಾರೆ. ಮಕ್ಕಳು ತಲೆ ಬೋಳಿಸಿಕೊಳ್ಳುತ್ತಾರೆ. ಇದು ಕೀನ್ಯಾದಲ್ಲೂ ಇದೆ, ಕುವಾಸಿ ಊರಿನಲ್ಲೂ ಇದೆ."

"ಅರಕಲಗೂಡಲ್ಲಿ ಇನ್ನೇನ್ ಮಾಡ್ತಾರೆ ಅಂದ್ಕಂಡಿದ್ದೀಯ?"

ಒಟಿಯೆನೊಗೆ ರೇಗುತ್ತಿತ್ತು. "ಎಲ್ಲಾನೂ ನಿಮ್ದೂ ಐತೆ ಅಂದ್ರೆ ನಂಗೇನ್ ಉಳೀತಕ್ಕ?" ಎಂದು ಒಂದು ದಿನ ಪೆನ್ನು ಕೆಳಗಿಟ್ಟ. ಮೂಲೆಯಲ್ಲಿದ್ದ ಕುವಾಸಿಗೆ ನಗು. ಅವನಿಗೆ ಈ ಒಂದೇ ಖಂಡದ ಮಾತಿನಲ್ಲಿ ಮೊದಲಿಂದಲೂ ನಂಬಿಕೆ ಇರಲಿಲ್ಲ. "ನಮ್ಮೂರಲ್ಲಿ ನಾನು ನಮ್ಮೂರೋನು. ಆಸನ ಬಸ್ ಸ್ಟ್ಯಾಂಡಲ್ಲಿ ಇಳಿದ ದಿನಾನೇ ನಾನು ಆಫ್ರಿಕಾದೋನು ಅಂತ ಗೊತ್ತಾಗಿದ್ದು," ಎಂದ. ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು. "ನಂಗೂ ಅಂಗೇ ಕಣೋ ಮಗ. ಆಸನಕ್ಕೆ ಬಂದ್ಮೇಲೆ ಅರಕಲಗೂಡೋಳಾದೆ. ಕಾಶಿಗೆ ಓದ್ರೆ ಅಲ್ಲಿ ಮದ್ರಾಸೋಳು ಅಂದ್ರು." ನೀವು ಏಷ್ಯಾ ಖಂಡದವರು ಕೂಡ ಎಂದು ನಾನು ನಡುವೆ ಬಾಯಿ ಹಾಕಿದೆ. "ಯಾರಂದೋರು?" ಎಂದಳು. ನಾನು ಭೂಗೋಳ ವಿವರಿಸಲು ಹೋದೆ, ಆಕೆ ಸಾರು ನೋಡಲು ಎದ್ದುಹೋದಳು.

ಸಾರಿನ ಸೌಟು ಹಿಡಿದು ವಾಪಸು ಬಂದವಳು ಒಟಿಯೆನೊಗೆ ಹೇಳಿದ ಮಾತು ಇದು: "ಒಂದೇ ಥರ ಉಂಡ್ಬುಟ್ರೆ ನೆಂಟ್ರಾಗ್ತಾರೇನ್ಲಾ? ನಿನ್ನ ಒಲೆ ಆರಿದ ದಿನ ಯಾರು ಬತ್ತಾರೋ ಅವ್ರನ್ನ ಬರ್ಕೊ ಆ ಬುಕ್ಕಲ್ಲಿ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವನು ಬರೆದುಕೊಳ್ಳುತ್ತಿದ್ದ. ಆಮೇಲೆ ನನಗೆ ಕೋಳಿಯ ತೊಡೆ ಬಿತ್ತು. ಅನುವಾದದ ಸಂಬಳ ಎಂದುಕೊಂಡು ತಿಂದೆ.

ಇಷ್ಟು ಉಪ್ಪು ತಿಂದ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು.

ಬೀದಿಯ ಕೊನೆಯಲ್ಲಿ ಒಬ್ಬ ಲೈನ್‌ಮನ್ ಇದ್ದ. ಅವನ ಮಗಳನ್ನು ನೋಡಲು ಹೊಳೆನರಸೀಪುರದ ಕಡೆಯಿಂದ ಗಂಡಿನವರು ಬಂದರು. ಬಂದದ್ದು ಭಾನುವಾರ, ಊಟದ ಹೊತ್ತು. ಮೆಸ್ಸಿನ ಮುಂದಿನ ಕಟ್ಟೆಯ ಮೇಲೆ ಹುಡುಗರೆಲ್ಲ ಸಾಲಾಗಿ ಕೂತು ಫೋನಿನಲ್ಲಿ ಹಾಡು ಹಾಕಿಕೊಂಡು ನಗುತ್ತಿದ್ದರು. ಗಂಡಿನ ಚಿಕ್ಕಪ್ಪ ಉಪ್ಪಿಟ್ಟು ತಿನ್ನುತ್ತ, "ಬೀದಿ ಇಂಗಾ ನಿಮ್ದು?" ಎಂದನಂತೆ. ಸಂಬಂಧ ಮುರಿಯಿತು. ಮುರಿಯಲು ಬೇರೆ ಕಾರಣವಿತ್ತು ಎಂದು ಆಮೇಲೆ ಗೊತ್ತಾಯಿತು, ಆದರೆ ಆಗ ಬೀದಿಗೆ ಬೇಕಾಗಿದ್ದದ್ದು ಈ ಕಾರಣವೇ. ನಗರಸಭೆಗೆ ಒಂದು ಅರ್ಜಿ ಕೊಡಬೇಕೆಂದು ಎಲ್ಲರೂ ಸೇರಿ ನನ್ನ ಮನೆಗೆ ಬಂದರು. ಅರ್ಜಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಹಾಸನದಲ್ಲೇ ಹೆಸರಿತ್ತು.

ಬರೆದೆ. ನಾಚಿಕೆಯ ಸಂಗತಿಯೆಂದರೆ, ಖುಷಿಯಿಂದಲೇ ಬರೆದೆ. "ಸದರಿ ವಿದೇಶೀ ವಿದ್ಯಾರ್ಥಿಗಳ ವರ್ತನೆಯಿಂದಾಗಿ ನಮ್ಮ ಬೀದಿಯ ಪರಂಪರಾಗತ ಸಂಸ್ಕೃತಿಗೆ ಧಕ್ಕೆಯುಂಟಾಗಿರುತ್ತದೆ" ಎಂಬ ವಾಕ್ಯ ಬಂದಾಗ ಪೆನ್ನು ನಿಲ್ಲಿಸಿ ಒಮ್ಮೆ ಗಟ್ಟಿಯಾಗಿ ಓದಿ ಸಂತೋಷಪಟ್ಟೆ. ಮೆಸ್ಸನ್ನು ಮುಚ್ಚಿಸಬೇಕೆಂದು ಕೋರಿದ್ದೆ. ಮೊದಲ ಸಹಿ ನನ್ನದು, ಎರಡನೆಯದು ಲೈನ್‌ಮನ್ನನದು. ಒಟ್ಟು ಹನ್ನೊಂದು ಮನೆ.

ನಗರಸಭೆಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಮಧ್ಯಾಹ್ನ ಒಂದು ಗಂಟೆ. ಅಕ್ಕ ಅವರನ್ನು ಕೂರಿಸಿ ಮುದ್ದೆ, ಹುರುಳಿಕಾಳು ಬಸ್ಸಾರು ಇಕ್ಕಿದಳು. ಅವರು ಉಂಡು, ಕೈ ತೊಳೆದು, ನನ್ನ ಅರ್ಜಿಯಲ್ಲೇ ಕೈ ಒರೆಸಿಕೊಳ್ಳಲಿಲ್ಲ ಎಂಬುದೊಂದು ಭಾಗ್ಯ, ಹೊರಟುಹೋದರು. ಅಲ್ಲಿಗೆ ಅರ್ಜಿ ಮುಗಿಯಿತು. ಆದರೆ ಅರ್ಜಿಯಲ್ಲಿ ಏನಿದೆ, ಯಾರು ಬರೆದದ್ದು ಎಂದು ಅಕ್ಕನಿಗೆ ಓದಿ ಹೇಳಿಯೇ ಹೋಗಿದ್ದರು.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಅಕ್ಕ ಬಾಗಿಲಿಗೆ ನೀರು ಹಾಕುತ್ತಿದ್ದಳು. "ಅರ್ಜಿ ಚೆಂದಾಗಿ ಬರ್ದಿದ್ರಿ ಸಾ," ಎಂದಳು. ವ್ಯಂಗ್ಯವಿರಲಿಲ್ಲ, ಅದೇ ತಡೆಯಲಾಗದ್ದು. "ಸಂಸ್ಕೃತಿ ಅಂತಿತ್ತಲ್ಲ, ಅದು ಒಂದು ನಂಗೆ ಗೊತ್ತಾಗ್ನಿಲ್ಲ. ಏನ್ ಸಾ ಅಂಗಂದ್ರೆ?" ನನಗೆ ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟೆ. ಕಚೇರಿಗೆ ನಾನು ನಡೆದೇ ಹೋಗುತ್ತಿದ್ದೆ, ಅದು ಆಕೆಗೂ ಗೊತ್ತಿತ್ತು.

ಅಂದಿನಿಂದ ಮೆಸ್ಸಿನ ಕಡೆ ಮುಖ ಹಾಕಲಿಲ್ಲ. ಬೀದಿಯ ಉಳಿದವರೂ ಆಕೆಯೊಡನೆ ಮಾತು ಬಿಟ್ಟಿದ್ದರು. ನನ್ನ ತಾಯಿ ಮಾತ್ರ ಕಿಟಕಿಯಿಂದಲೇ ಅಕ್ಕನನ್ನು ಮಾತಾಡಿಸುತ್ತಿದ್ದಳು. ಹಾಸಿಗೆ ಹಿಡಿದ ಮುದುಕಿಗೆ ಅರ್ಜಿಯ ಸಂಗತಿ ಹೇಳುವ ಧೈರ್ಯ ನನಗೂ ಇರಲಿಲ್ಲ, ಹೆಂಡತಿಗೂ ಇರಲಿಲ್ಲ.

ಕುವಾಸಿಯ ತಾಯಿ ಸತ್ತದ್ದು ಆ ವರ್ಷವೇ. ಪರೀಕ್ಷೆ ಶುರುವಾಗಲು ಎರಡು ದಿನವಿತ್ತು. ಹೋದರೆ ಒಂದು ವರ್ಷವೇ ಹೋಗುತ್ತದೆ, ನಿನ್ನಮ್ಮನಿಗೂ ಅದು ಬೇಕಿರಲಿಲ್ಲ, ಬರಬೇಡ ಎಂದು ಅವನ ಸೋದರಮಾವ ಫೋನು ಮಾಡಿ ಹೇಳಿದನಂತೆ. ಅವರಲ್ಲಿ ಸೋದರಮಾವನ ಮಾತೆಂದರೆ ಮೀರುವಂತಿಲ್ಲ. ಹುಡುಗ ಅಳಲಿಲ್ಲ. ಮಹಡಿಯ ರೂಮಿನಲ್ಲಿ ಗೋಡೆಗೆ ಒರಗಿ ಕೂತವನು ನೀರನ್ನೂ ಮುಟ್ಟಲಿಲ್ಲ. ಒಟಿಯೆನೊ ಹೋಗಿ ಕರೆದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಎದುರುಮನೆಯ ಹಿತ್ತಲಿನಿಂದ ಹೊಗೆ ಏಳಲಿಲ್ಲ. ಎಂಟು ಗಂಟೆಗೆ ತಿಂಡಿಗೆ ಬಂದ ಗಿರಾಕಿಗಳಿಗೆ ಅಕ್ಕ ಬಾಗಿಲಲ್ಲೇ, "ಇವತ್ತು ಮೆಸ್ ಇಲ್ಲ ಕಣಪ್ಪ. ಮನೇಲಿ ಸಾವಾಗೈತೆ," ಎನ್ನುತ್ತಿದ್ದಳು. ಗಂಡ ಸತ್ತ ದಿನ ಬಿಟ್ಟರೆ ಆ ಒಲೆ ಆರಿದ್ದೇ ಇಲ್ಲವಂತೆ. ಲೈನ್‌ಮನ್ ಡ್ಯೂಟಿಗೆ ಹೋಗುವಾಗ ಸೈಕಲ್ ನಿಲ್ಲಿಸಿದ. ಅಷ್ಟು ದಿನದ ಮೇಲೆ ಅವನು ಆಕೆಯೊಡನೆ ಆಡಿದ ಮೊದಲ ಮಾತು: "ಸತ್ತಿರೋದು ಯಾವ್ದೋ ದೇಶ್ದಲ್ಲಂತೆ. ಇಲ್ಲಿ ಯಾಕವ್ವ ಒಲೆ ಆರ್ಸಿದ್ದೀಯ?"

"ಮಗ ಇಲ್ಲೇ ಅವ್ನಲ್ಲ," ಎಂದಳು ಅಕ್ಕ. "ಅವನೆಲ್ಲವ್ನೋ ಸಾವು ಅಲ್ಲೈತೆ. ಅವನಿರೋದು ನನ್ಮನೇಲಿ."

ಲೈನ್‌ಮನ್ ಸೈಕಲ್ ಹತ್ತಿ ಹೋದ. ನಾನು ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಅಕ್ಕ ಮಾಡಿದ್ದೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಚ್ಚದ ಸಾವಿನ ಮನೆಗೆ ಬೀದಿಯವರು ಅನ್ನ ತರಬೇಕು. ತಂದರೆ ಅವನು ಈ ಬೀದಿಯ ಮಗ. ತರದಿದ್ದರೆ ಅವನಷ್ಟೇ ಅಲ್ಲ, ಆಕೆಯೂ ಹೊರಗಿನವಳು. ಬಾಯಿಬಿಟ್ಟು ಯಾರನ್ನೂ ಕೇಳದೆ, ಹನ್ನೊಂದು ಮನೆಯ ಎದುರು ಆಕೆ ಸುಮ್ಮನೆ ಒಲೆ ಆರಿಸಿ ಬಾಗಿಲಲ್ಲಿ ಕೂತಿದ್ದಳು.

ಹತ್ತು ಗಂಟೆಗೆ ಕ್ಷೌರಿಕ ಬಂದು ಕುವಾಸಿಯ ತಲೆ ಬೋಳಿಸಿ ಹೋದ. ಹನ್ನೊಂದಾಯಿತು. ಯಾರೂ ಬರಲಿಲ್ಲ. ಹನ್ನೆರಡಾದರೂ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರ ಸುಳಿವೂ ಇಲ್ಲ. ನನ್ನ ತಾಯಿ ಹಾಸಿಗೆಯಿಂದಲೇ, "ಎದ್ರುಮನೇಲಿ ಒಲೆ ಉರೀದೆ ನಾವು ಉಣ್ಣದೆಂಗ್ಲಾ? ಏನಾರ ಮಾಡಿ ತಗಂಡೋಗು," ಎಂದಳು. ನನ್ನ ಹೆಂಡತಿ ನಾನು ಹೇಳುವ ಮೊದಲೇ ಅನ್ನ ಸಾರು ಮಾಡಿ, ಎರಡು ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು.

ಪಾತ್ರೆ ಎತ್ತಿಕೊಂಡೆ. ಬಾಗಿಲ ತನಕ ಹೋದೆ. ಅಕ್ಕ ಎದುರಿಗೇ ಕೂತಿದ್ದಾಳೆ. ಅರ್ಜಿಗೆ ಮೊದಲ ಸಹಿ ಹಾಕಿದವನು ಮೊದಲು ಅನ್ನ ಹೊತ್ತುಕೊಂಡು ಹೋದರೆ ಬೀದಿಯವರು ಏನೆಂದಾರು ಎನಿಸಿತು. ಬೇರೆ ಯಾರಾದರೂ ಹೋಗಲಿ, ಆಮೇಲೆ ಹೋಗೋಣ ಎಂದು ಪಾತ್ರೆಯನ್ನು ವಾಪಸು ಇಟ್ಟೆ. "ನಾನು ಹೋಗಿ ಕೊಟ್ಟು ಬರ್ತೀನಿ ಬಿಡಿ," ಎಂದ ಹೆಂಡತಿಯನ್ನೂ ತಡೆದೆ.

ಮೊದಲು ಬಂದವಳು ಲೈನ್‌ಮನ್ನನ ಹೆಂಡತಿ. ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಒಂದು ಡಬರಿ ಹಿಡಿದು, ಆಚೀಚೆ ನೋಡದೆ ಬಂದು ಅಕ್ಕನ ಪಕ್ಕ ಇಟ್ಟಳು. ಸಂಬಂಧ ಮುರಿದದ್ದು ಅವಳ ಮಗಳದೇ. ಅವಳಾದ ಮೇಲೆ ಕಟ್ಟೆ ಒಡೆದ ಹಾಗಾಯಿತು. ಮೇಷ್ಟ್ರ ಮನೆಯಿಂದ ಬಂತು, ಟೈಲರ್ ಮನೆಯಿಂದ ಬಂತು. ಆಫ್ರಿಕಾದ ಹುಡುಗರೂ ಬಂದರು. ತಮ್ಮ ವಿದ್ಯಾರ್ಥಿ ಸಂಘದ ಅಧ್ಯಕ್ಷತೆಗೆ ಕಿತ್ತಾಡಿ ಇಂಗ್ಲಿಷಿನವರು ಫ್ರೆಂಚಿನವರು ಎಂದು ಅವರಲ್ಲಿ ಎರಡು ಬಣವಾಗಿ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಿದ್ದ ಕಾಲ ಅದು. ಬೀದಿಯ ಆ ತುದಿಯಿಂದ ಒಂದು ಗುಂಪು, ಈ ತುದಿಯಿಂದ ಒಂದು ಗುಂಪು ರೂಮಿನಲ್ಲಿ ಬೇಯಿಸಿದ್ದನ್ನು ಹಿಡಿದುಕೊಂಡು ಬಂದು ಗೇಟಿನಲ್ಲಿ ಎದುರಾದವು. ಒಂದು ಕ್ಷಣ ನಿಂತರು. ಆಮೇಲೆ ಒಟ್ಟಿಗೇ ಒಳಗೆ ಹೋದರು.

ಕಿಟಕಿಯಿಂದ ನಾನು ಬಂದ ಮನೆಗಳನ್ನು ಗುರುತು ಹಿಡಿಯುತ್ತಲೇ ಇದ್ದೆ. ಅರ್ಜಿಗೆ ಸಹಿ ಹಾಕಿದವರಲ್ಲಿ ನನ್ನದು ಬಿಟ್ಟು ಉಳಿದ ಹತ್ತೂ ಮನೆಯವರು ಬಂದರು. ಈಗ ಹೋಗಬಹುದಿತ್ತು. ಈಗ ಹೋದರೆ ಕೊನೆಯವನಾಗಿ ಹೋದ ಹಾಗಾಗುತ್ತದೆ ಎಂದು ಹೋಗಲಿಲ್ಲ. ಮೊದಲು ಮೊದಲಿನವನಾಗುವ ನಾಚಿಕೆ, ಆಮೇಲೆ ಕೊನೆಯವನಾಗುವ ನಾಚಿಕೆ. ಆ ಅನ್ನ ಸಾರನ್ನು ಸಂಜೆ ನಾವೇ ಉಂಡೆವು. ತಾಯಿ ಉಣ್ಣಲಿಲ್ಲ, ಹಸಿವಿಲ್ಲ ಎಂದಳು.

ಎರಡು ದಿನ ಬಿಟ್ಟು ಮೂಲೆಯ ಅಂಗಡಿಯಲ್ಲಿ ಒಟಿಯೆನೊ ಸಿಕ್ಕಿದ. ಕೈಯಲ್ಲಿ ಅದೇ ನೋಟ್‌ಬುಕ್. ಕುವಾಸಿ ಊಟ ಮಾಡಿದ, ಪರೀಕ್ಷೆಗೂ ಕೂತಿದ್ದಾನೆ ಎಂದು ಹೇಳಿದ. ಆಮೇಲೆ ಕೇಳಿದ: "ಸಾ, ಒಂದು ಡೌಟು. ಸಾವಿನ ಮನೆಗೆ ಊಟ ತರೋದು ಇಲ್ಲಿ ಎಲ್ಲಾರ್ಗೂ ಐತೆ ಅಂತ ಅಕ್ಕ ಏಳ್ತಾರೆ. ನಿಮ್ಮನೇಲಿ ಇಲ್ವಾ? ಚನ್ನರಾಯಪಟ್ಟಣದ ಕಡೆ ಬ್ಯಾರೆನಾ?"

ಅವನ ಮುಖದಲ್ಲಿ ಕೊಂಕಿನ ಎಳೆಯೂ ಇರಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳುತ್ತಿದ್ದ, ಪೆನ್ನಿನ ಮುಚ್ಚಳ ತೆಗೆದಿದ್ದ. ಅಂಗಡಿಯವನು ನನ್ನನ್ನೇ ನೋಡುತ್ತಿದ್ದ.

"ಹೌದಪ್ಪ," ಎಂದೆ. "ನಮ್ಮ ಕಡೆ ಆ ಪದ್ಧತಿ ಇಲ್ಲ."

ಅವನು ಬರೆದುಕೊಂಡ. ಮೂವತ್ತು ವರ್ಷ ಸರ್ಕಾರಿ ಕಡತಗಳಲ್ಲಿ ಏನೇನೋ ಬರೆದಿದ್ದೇನೆ. ಹುಟ್ಟಿದೂರಿನ ಮೇಲೆ ಅಂಥ ಸುಳ್ಳನ್ನು ಬೇರೆಲ್ಲೂ ದಾಖಲೆ ಮಾಡಿಸಿಲ್ಲ.

ಮಳೆಗಾಲದ ಕೊನೆಗೆ ನನ್ನ ತಾಯಿ ಹೋದಳು. ಬೆಳಗಿನ ಜಾವ ಹೋಗಿ, ಮಧ್ಯಾಹ್ನದ ಒಳಗೆ ಮಣ್ಣು ಮಾಡಿ ಬಂದೆವು. ಬೀದಿಯವರು ಮಣ್ಣಿಗೆ ಬಂದಿದ್ದರು, ಸ್ನಾನಕ್ಕೆಂದು ಅವರವರ ಮನೆಗೆ ಹೋದರು. ನಾನು, ಹೆಂಡತಿ, ಊರಿಂದ ಬಂದ ನಾಲ್ಕು ಜನ ನೆಂಟರು ತಣ್ಣನೆಯ ಮನೆಯಲ್ಲಿ ಕೂತೆವು. ಅಡಿಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬೋಳಿಸಿದ ತಲೆಗೆ ಗಾಳಿ ತಾಕಿದಾಗೆಲ್ಲ ತಾಯಿ ಉಣ್ಣದೆ ಮಲಗಿದ ಆ ಸಂಜೆಯೇ ನೆನಪಾಗುತ್ತಿತ್ತು. ಯಾರು ಅನ್ನ ತರುತ್ತಾರೆ ಎಂದು ನಾನು ಯೋಚಿಸಲಿಲ್ಲ. ಯೋಚಿಸುವ ಮುಖವನ್ನು ನಾನು ಉಳಿಸಿಕೊಂಡಿರಲಿಲ್ಲ.

ಮೂರು ಗಂಟೆಗೆ ಅಕ್ಕ ಬಂದಳು. ಹಿಂದೆ ಒಟಿಯೆನೊ, ಅವನ ಹಿಂದೆ ಕುವಾಸಿ, ಇನ್ನೂ ಐದಾರು ಹುಡುಗರು, ಎಲ್ಲರ ಕೈಯಲ್ಲೂ ಪಾತ್ರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅಕ್ಕ ನನ್ನ ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟು ಒಂದು ಗಳಿಗೆ ಕೂತಳು. ಆಮೇಲೆ ಎದ್ದು ನೆಂಟರಿಗೆಲ್ಲ ಎಲೆ ಹಾಕಿದಳು. ನನಗೂ ಒಂದು ಎಲೆ ಹಾಕಿ ಮುದ್ದೆ ಇಟ್ಟಳು, ಉಪ್ಸಾರು ಬಿಟ್ಟಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, "ಅಕ್ಕ, ಅವತ್ತು ನಾನು..." ಎಂದು ಶುರುಮಾಡಿದೆ.

"ಉಣ್ಣಿ ಸಾ, ಆರೋಯ್ತದೆ," ಎಂದಳು.

ಒಟಿಯೆನೊ ಮಾತ್ರ ಸಂಕೋಚದಿಂದ ಗೋಡೆಯ ಪಕ್ಕ ನಿಂತಿದ್ದ. ಬೇರೆಯವರ ಮನೆಗೆ ಅವರಲ್ಲಿಲ್ಲದ ಪದ್ಧತಿಯನ್ನು ತಂದು ತಪ್ಪು ಮಾಡಿದೆನೇನೋ ಎಂಬ ಅಂಜಿಕೆ ಅವನಿಗೆ. ನೆಂಟರಿಗೆ ಕೇಳಿಸದಂತೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ.

"ನಿಮ್ಮಲ್ಲಿ ಇದು ಇಲ್ಲ ಅಂತ ಗೊತ್ತು ಸಾ. ಬೇಜಾರ್ ಮಾಡ್ಕಬ್ಯಾಡಿ. ನಮ್ಮಲ್ಲಿ ಐತೆ, ಅದ್ಕೇ ತಂದ್ವಿ."

ಸಾರು ಬಿಡುತ್ತಿದ್ದ ಅಕ್ಕನಿಗೆ ಅದು ಕೇಳಿಸಿತು. ಆಕೆ ಅರಕಲಗೂಡಿನವಳು, ಚನ್ನರಾಯಪಟ್ಟಣದಲ್ಲಿ ಏನಿದೆ ಏನಿಲ್ಲ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಮುಖ ನೋಡಿದಳು. ಒಟಿಯೆನೊನ ಮಾತನ್ನು ತಿದ್ದದೆ, ಸೌಟು ಹಿಡಿದು ಮುಂದಿನ ಎಲೆಗೆ ಹೋದಳು. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ.